ಮೂರನೇ ಕಾಲದ ಹುಡುಗರು

ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಂಜೆ ಅಕ್ಕನಿಗೆ ಸಂಗೀತ ಪಾಠ ಇರುತ್ತಿತ್ತು. ಮೇಷ್ಟ್ರು ಸೈಕಲ್ಲಿನಲ್ಲಿ ಬರುತ್ತಿದ್ದರು. ನಡುಮನೆಯಲ್ಲಿ ಚಾಪೆ, ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ, ಮಾಯಾಮಾಳವಗೌಳದಲ್ಲಿ ಸರಳೆ ವರಸೆ. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ತೊಡೆಯ ಮೇಲಿನ ತಾಳ ಮೊದಲಿನ ಹಾಗೇ ನಡೆಯುತ್ತಿರುತ್ತದೆ. ಸ್ವರಗಳು ಮಾತ್ರ ಎರಡರಷ್ಟು, ಆಮೇಲೆ ನಾಲ್ಕರಷ್ಟು ಬೇಗ ಬರಬೇಕು. ಒಂದನೇ ಕಾಲದಲ್ಲಿ ಅಕ್ಕ ಆರಾಮಾಗಿ ಹಾಡುತ್ತಿದ್ದಳು. ಮೂರನೇ ಕಾಲಕ್ಕೆ ಬಂದರೆ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ಮೇಷ್ಟ್ರು ಕೈ ಎತ್ತಿ ನಿಲ್ಲಿಸುತ್ತಿದ್ದರು. “ಒಂದನೇ ಕಾಲಕ್ಕೆ ಬಾಮ್ಮ.” ಅಷ್ಟೇ. ಬೈಯುತ್ತಿರಲಿಲ್ಲ. ಮತ್ತೆ ಮೊದಲಿಂದ.

ಆ ಹೊತ್ತಿನಲ್ಲಿ ನಾನು ಒಳಗಿನ ಕೋಣೆಯಲ್ಲಿ ಟೇಪ್ ರೆಕಾರ್ಡರ್ ಪಕ್ಕ ಕೂತಿರುತ್ತಿದ್ದೆ. ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತದ ಹುಚ್ಚು ಹತ್ತಿದ್ದ ವಯಸ್ಸು. ಗೆಳೆಯನೊಬ್ಬ ಮೆಟಾಲಿಕಾ ಬ್ಯಾಂಡಿನ ‘ಗ್ಯಾರೇಜ್ ಇಂಕ್’ ಆಲ್ಬಮ್ಮನ್ನು ಖಾಲಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಟ್ಟಿದ್ದ. 1998ರಲ್ಲಿ ಬಂದ ಆ ಆಲ್ಬಮ್ಮಿನಲ್ಲಿ ಪೂರ್ತಿ ಬೇರೆಯವರ ಹಾಡುಗಳೇ. ಮೊದಲ ಹಾಡು ಡಿಸ್ಚಾರ್ಜ್ ಅನ್ನುವ ಇಂಗ್ಲೆಂಡಿನ ಬ್ಯಾಂಡಿನದು. ಅದರಲ್ಲಿ ಇರುವುದು ಒಂದೇ ಸಾಲು. ಅದನ್ನೇ ಮತ್ತೆ ಮತ್ತೆ ಕೂಗುತ್ತಾರೆ. ಇಷ್ಟು ಕಡಿಮೆ ಮಾತಿನಲ್ಲಿ ಹಾಡು ಕಟ್ಟಿದವರು ಯಾರಪ್ಪಾ ಅಂತ ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಹುಡುಕಿಕೊಂಡು ಸೈಬರ್ ಕೆಫೆಗೆ ಹೋದೆ. ಆಗಿನ ಇಂಟರ್ನೆಟ್ಟು ಗೊತ್ತಲ್ಲ. ಐದು ನಿಮಿಷದ ಹಾಡು ಇಳಿಯುವಷ್ಟರಲ್ಲಿ ಜೇಬಿನ ದುಡ್ಡು ಮುಗಿಯುತ್ತಿತ್ತು. ಆದರೆ ಡಿಸ್ಚಾರ್ಜ್ ಥರದ ಹಾರ್ಡ್‌ಕೋರ್ ಪಂಕ್ ಬ್ಯಾಂಡುಗಳ ಹಾಡು ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷ. ಒಂದು ಫ್ಲಾಪಿಗೆ ಒಂದು ಹಾಡು ಸರಿಯಾಗಿ ಹಿಡಿಸುತ್ತಿತ್ತು. ಹಾಗೆ ಫ್ಲಾಪಿಯಲ್ಲಿ ಮನೆಗೆ ಬಂದ ಮೊದಲ ಹಾಡುಗಳಲ್ಲಿ ಒಂದು ಬ್ಯಾಡ್ ಬ್ರೇನ್ಸ್ ಬ್ಯಾಂಡಿನ ‘ಪೇ ಟು ಕಮ್’. 1980ರ ಹಾಡು. ಮನೆಯ ಕಂಪ್ಯೂಟರಿನಲ್ಲಿ ಜೋರಾಗಿ ಹಾಕಿದೆ. ಅಪ್ಪ ಹೊರಗಿನಿಂದಲೇ “ಏನೋ ಅದು ಗಲಾಟೆ” ಅಂದರು. ಅಕ್ಕ ಮಾತ್ರ ಬಾಗಿಲಿಗೆ ಬಂದು ನಿಂತಳು. ಚೌಕಟ್ಟಿನ ಮೇಲೆ ಬೆರಳಿನಲ್ಲಿ ತಾಳ ಹಾಕಿ ನೋಡಿದಳು. ಹಾಡು ಮುಗಿಯಿತು. ಇನ್ನೊಂದು ಸಲ ಹಾಕು ಅಂದಳು. ಆಮೇಲೆ ಹೇಳಿದಳು: “ಈ ಹುಡುಗ್ರು ಮೂರನೇ ಕಾಲದಲ್ಲಿ ತಪ್ಪುತ್ತಾನೇ ಇಲ್ಲ ಕಣೋ. ಎಷ್ಟು ಸಾಧಕ ಮಾಡಿರ್ಬೇಕು!”

ನಾನು ಅಲ್ಲಿಯವರೆಗೆ ಅದನ್ನು ಸಿಟ್ಟು ಅಂತ ಮಾತ್ರ ಕೇಳಿದ್ದೆ. ಸಾಧಕ, ಅಂದರೆ ದಿನದಿನದ ಅಭ್ಯಾಸ, ಅನ್ನುವ ಮಾತು ನನಗೆ ಹೊಳೆದೇ ಇರಲಿಲ್ಲ. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಹಾರ್ಡ್‌ಕೋರ್ ಪಂಕ್ ಬಗ್ಗೆ ಯಾರಾದರೂ ಕೇಳಿದರೆ ಇವತ್ತಿಗೂ ಅಕ್ಕನ ಮಾತೇ ಮೊದಲು ನೆನಪಿಗೆ ಬರುತ್ತದೆ. ಈ ಸಂಗೀತವನ್ನು ಒಮ್ಮೆಯೂ ಕೇಳದವರಿಗೆ ಅದನ್ನು ಪರಿಚಯ ಮಾಡಿಕೊಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಅಕ್ಕನ ಕಿವಿಯಿಂದಲೇ ಶುರು ಮಾಡುತ್ತೇನೆ.

ಪಂಕ್ ಅಂದರೆ ಒಂದು ಬಗೆಯ ಒರಟು, ವೇಗದ ರಾಕ್ ಸಂಗೀತ. ಆ ಹೆಸರು ಕೇಳಿದರೆ ಹೆಚ್ಚಿನವರಿಗೆ ನ್ಯೂಯಾರ್ಕಿನ ರಮೋನ್ಸ್, ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡುಗಳು ನೆನಪಾಗುತ್ತವೆ. ಅದು 1976-77ರ ಮಾತು. ಎರಡು ವರ್ಷ ಕಳೆಯುವಷ್ಟರಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಆ ಸಂಗೀತದ ಮೂಲೆಗಳನ್ನೆಲ್ಲ ಉಜ್ಜಿ ನಯ ಮಾಡಿ ‘ನ್ಯೂ ವೇವ್’ ಅಂತ ಮಾರತೊಡಗಿದವು. ಅದೇ ಹೊತ್ತಿಗೆ ಅಮೆರಿಕದ ಊರಂಚಿನ ಬಡಾವಣೆಗಳಲ್ಲಿ ಇನ್ನೂ ಚಿಕ್ಕ ಹುಡುಗರು ಅದನ್ನು ಕೈಗೆತ್ತಿಕೊಂಡು ವೇಗ ಹೆಚ್ಚಿಸಿದರು. ಎಷ್ಟು ಹೆಚ್ಚಿಸಿದರು ಅಂತ ತಿಳಿಯಲು ಒಂದು ಲೆಕ್ಕ ಸಾಕು. ರಮೋನ್ಸ್‌ನ ಮೊದಲ ಆಲ್ಬಮ್ಮಿನಲ್ಲಿ 14 ಹಾಡು, ಸುಮಾರು 29 ನಿಮಿಷ. ಅದೇ ಬಹಳ ಚುಟುಕು ಅನ್ನಿಸಿಕೊಂಡಿತ್ತು. ನಾಲ್ಕು ವರ್ಷದ ನಂತರ, 1980ರಲ್ಲಿ, ಲಾಸ್ ಏಂಜಲೀಸ್ ಕಡೆಯ ಸರ್ಕಲ್ ಜರ್ಕ್ಸ್ ತಮ್ಮ ಮೊದಲ ಆಲ್ಬಂ ತಂದರು. ಅದರಲ್ಲೂ 14 ಹಾಡು. ಆದರೆ ಸುಮಾರು 15 ನಿಮಿಷಕ್ಕೆ ಮುಗಿಯುತ್ತದೆ. ಎರಡನೇ ಕಾಲದಿಂದ ಮೂರನೇ ಕಾಲಕ್ಕೆ ಹೋದಂತೆ, ಹೆಚ್ಚುಕಡಿಮೆ ಅರ್ಧ.

ಉದ್ದನೆಯ ಗಿಟಾರ್ ಸೋಲೋ ಇಲ್ಲ. ಹಾಡಿನ ಮುನ್ನುಡಿ ಇಲ್ಲ. ಡ್ರಮ್ಸಿನಲ್ಲಿ ಕಾಲಿನ ಪೆಟ್ಟು, ಕೈಯ ಪೆಟ್ಟು ಒಂದಾದ ಮೇಲೊಂದು, ಬಿಡುವಿಲ್ಲದೆ. ಇದಕ್ಕೆ ಹಾರ್ಡ್‌ಕೋರ್ ಅನ್ನುವ ಹೆಸರು ಗಟ್ಟಿಯಾಗಲು ಕೆನಡಾದ ವ್ಯಾಂಕೂವರ್ ನಗರದ ಡಿ.ಓ.ಎ. ಬ್ಯಾಂಡ್ ಒಂದು ಕಾರಣ. ಅವರ 1981ರ ಆಲ್ಬಮ್ಮಿನ ಹೆಸರೇ ‘ಹಾರ್ಡ್‌ಕೋರ್ 81’. ಕೇಳುವವರೂ ನುಡಿಸುವವರೂ ಹದಿನೈದರಿಂದ ಇಪ್ಪತ್ತರ ಒಳಗಿನವರು. ಸಂಗೀತ ನಡೆಯುವ ಕ್ಲಬ್ಬುಗಳು ಹೆಂಡ ಮಾರಿ ಬದುಕುವ ಜಾಗಗಳು, ಹಾಗಾಗಿ ಚಿಕ್ಕ ವಯಸ್ಸಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಇವರು ಚರ್ಚಿನ ನೆಲಮಾಳಿಗೆ, ಸಮುದಾಯ ಭವನ, ಗೆಳೆಯರ ಮನೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ನುಡಿಸಿದರು.

ಬ್ಲ್ಯಾಕ್ ಫ್ಲ್ಯಾಗ್‌ನಿಂದ ಶುರು ಮಾಡುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್ ಅವರ ಊರು. ಬ್ಯಾಂಡ್ ಕಟ್ಟಿದವನು ಗ್ರೆಗ್ ಗಿನ್ ಎಂಬ ಗಿಟಾರ್ ವಾದಕ. ಈತ ಹುಡುಗನಾಗಿದ್ದಾಗಲೇ ಹವ್ಯಾಸಿಗಳು ಬಳಸುವ ಹ್ಯಾಮ್ ರೇಡಿಯೋದ ಸಾಮಾನು ತಯಾರಿಸಿ ಅಂಚೆಯಲ್ಲಿ ಮಾರುವ ಸಣ್ಣ ವ್ಯಾಪಾರ ನಡೆಸುತ್ತಿದ್ದ. ಅದರ ಹೆಸರು ಸಾಲಿಡ್ ಸ್ಟೇಟ್ ಟ್ಯೂನರ್ಸ್. ತಮ್ಮ ರೆಕಾರ್ಡ್ ಹಾಕಲು ಬೇರೆ ಯಾರೂ ಮುಂದೆ ಬಾರದಿದ್ದಾಗ ಆ ಹೆಸರನ್ನೇ ಎಸ್‌ಎಸ್‌ಟಿ ಅಂತ ಚಿಕ್ಕದು ಮಾಡಿ ತಾನೇ ರೆಕಾರ್ಡ್ ಕಂಪನಿ ಮಾಡಿಕೊಂಡ. 1979ರಲ್ಲಿ ಬಂದ ಅದರ ಮೊದಲ ರೆಕಾರ್ಡೇ ‘ನರ್ವಸ್ ಬ್ರೇಕ್‌ಡೌನ್’. ನಾಲ್ಕು ಹಾಡು, ಒಟ್ಟು ಐದು ನಿಮಿಷ ಚಿಲ್ಲರೆ. ಹಾಡಿದವನು ಕೀತ್ ಮಾರಿಸ್. ಮುಂದೆ ಸರ್ಕಲ್ ಜರ್ಕ್ಸ್ ಕಟ್ಟಿದವನೂ ಇವನೇ. ನೀವು ಒಂದೇ ಒಂದು ಹಾರ್ಡ್‌ಕೋರ್ ರೆಕಾರ್ಡ್ ಕೇಳುವುದಾದರೆ ಈ ಐದು ನಿಮಿಷ ಕೇಳಿ. ತಲೆ ಕೆಟ್ಟುಹೋಗುತ್ತಿದೆ, ನನ್ನ ತಂಟೆಗೆ ಬರಬೇಡಿ ಅನ್ನುವ ಹುಡುಗನ ಮಾತಿಗೆ ಗಿಟಾರು ಒಂದಿಷ್ಟೂ ಅಲಂಕಾರ ಸೇರಿಸದೆ ಜೊತೆ ಕೊಡುತ್ತದೆ.

ಗ್ರೆಗ್‌ನ ತಮ್ಮ ರೇಮಂಡ್ ಪೆಟಿಬಾನ್ ಚಿತ್ರಗಾರ. ಬ್ಯಾಂಡಿಗೆ ಹೆಸರು ಸೂಚಿಸಿದವನು ಅವನೇ, ನಾಲ್ಕು ಕಪ್ಪು ಪಟ್ಟಿಗಳ ಗುರುತು ಬರೆದವನೂ ಅವನೇ. ಏರಿಳಿತದಲ್ಲಿ ನಿಂತ ಆ ಪಟ್ಟಿಗಳನ್ನು ನೋಡಿದರೆ ಗಾಳಿಗೆ ಹಾರುವ ಬಾವುಟ ಕಾಣುತ್ತದೆ. 1979ರ ಜುಲೈನಲ್ಲಿ ಪಕ್ಕದ ಮ್ಯಾನ್‌ಹಟನ್ ಬೀಚ್‌ನ ಪಾಲಿವಾಗ್ ಪಾರ್ಕಿನಲ್ಲಿ ಇವರು ನುಡಿಸಿದರು. ಬುತ್ತಿ ಕಟ್ಟಿಕೊಂಡು ಮಕ್ಕಳ ಜೊತೆ ಬಂದಿದ್ದ ಜನ ತಿಂಡಿಯನ್ನೇ ಎತ್ತಿ ಇವರ ಮೇಲೆ ಎಸೆದರು. ಇವರು ನುಡಿಸುತ್ತಲೇ ಹೋದರು.

ಅಕ್ಕ ಹೇಳಿದ ಸಾಧಕ ಇಲ್ಲಿ ಕಣ್ಣಿಗೇ ಕಾಣುತ್ತದೆ. ಬ್ಲ್ಯಾಕ್ ಫ್ಲ್ಯಾಗ್ ಪ್ರತಿದಿನ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದ ಬ್ಯಾಂಡು. ವ್ಯಾನಿನಲ್ಲಿ ಊರೂರು ತಿರುಗುತ್ತಾ, ಯಾರದೋ ಮನೆಯ ನೆಲದ ಮೇಲೆ ಮಲಗುತ್ತಾ, ಊರಿಗೆ ಮರಳಿದರೆ ಮತ್ತೆ ಅಭ್ಯಾಸ. ಹಾಡುಗಾರರು ಬದಲಾದರು. ಕೀತ್ ಹೋದ, ರಾನ್ ರೆಯೆಸ್ ಬಂದ, ಡೆಜ್ ಕಡೇನಾ ಬಂದ. 1981ರಲ್ಲಿ ವಾಷಿಂಗ್ಟನ್‌ನಲ್ಲಿ ಐಸ್‌ಕ್ರೀಮ್ ಅಂಗಡಿ ನೋಡಿಕೊಳ್ಳುತ್ತಿದ್ದ ಇಪ್ಪತ್ತರ ಹುಡುಗ ಹೆನ್ರಿ ರಾಲಿನ್ಸ್ ಇವರ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿ ಒಂದು ಹಾಡು ಹಾಡಿದ. ಕೆಲವೇ ದಿನಗಳಲ್ಲಿ ಅವನೇ ಹಾಡುಗಾರ. ಅದೇ ವರ್ಷದ ಕೊನೆಗೆ ಬಂದ ‘ಡ್ಯಾಮೇಜ್ಡ್’ ಆಲ್ಬಮ್ಮನ್ನು ಮಾರಬೇಕಿದ್ದ ದೊಡ್ಡ ಕಂಪನಿಯ ಅಧಿಕಾರಿ, ಇದು ತಂದೆ ತಾಯಂದಿರ ವಿರುದ್ಧದ ರೆಕಾರ್ಡ್ ಅಂತ ಹೇಳಿ ಕೈಬಿಟ್ಟರು. ಬ್ಯಾಂಡು ಆ ಮಾತನ್ನೇ ಚೀಟಿ ಮಾಡಿ ರೆಕಾರ್ಡಿನ ಮೇಲೆ ಅಂಟಿಸಿ ಮಾರಿತು. ‘ರೈಸ್ ಅಬವ್’ ಅದರ ಮೊದಲ ಹಾಡು. ನಮ್ಮನ್ನು ತುಳಿಯಲು ನೋಡಿದರೂ ನಾವು ಏಳುತ್ತೇವೆ ಅನ್ನುವುದು ಅದರ ತಿರುಳು. ಇಡೀ ಗುಂಪು ಒಟ್ಟಿಗೆ ಕೂಗುವ ಪಲ್ಲವಿ. ಕೆಲಸ ಹೋದ ಒಂದು ವಾರ ನಾನು ದಿನಾ ಬೆಳಿಗ್ಗೆ ಎದ್ದು ಇದೊಂದನ್ನು ಕೇಳಿ ಹೊರಗೆ ಹೊರಟಿದ್ದೇನೆ.

ಈಗ ಬ್ಯಾಡ್ ಬ್ರೇನ್ಸ್. ಇವರ ಬಗ್ಗೆ ಬರೆಯಲು ಕೂತರೆ ನನಗೆ ಕೈ ನಿಲ್ಲುವುದಿಲ್ಲ.

ವಾಷಿಂಗ್ಟನ್ ಡಿ.ಸಿ. ಆಸುಪಾಸಿನ ನಾಲ್ವರು ಕಪ್ಪು ಹುಡುಗರು. ಹಾಡುಗಾರ ಎಚ್.ಆರ್., ಡ್ರಮ್ಸಿಗೆ ಅವನ ತಮ್ಮ ಅರ್ಲ್ ಹಡ್ಸನ್, ಗಿಟಾರಿಗೆ ಡಾಕ್ಟರ್ ನೋ, ಬಾಸ್ ಗಿಟಾರಿಗೆ ಡ್ಯಾರಿಲ್ ಜೆನಿಫರ್. ಮೊದಲು ಇವರ ಗುಂಪಿನ ಹೆಸರು ಮೈಂಡ್ ಪವರ್. ನುಡಿಸುತ್ತಿದ್ದದ್ದು ಜಾಜ್ ಫ್ಯೂಷನ್, ಅಂದರೆ ಜಾಜ್ ಮತ್ತು ರಾಕ್ ಬೆರೆತ ಸಂಗೀತ. ರಿಟರ್ನ್ ಟು ಫಾರೆವರ್, ಮಹಾವಿಷ್ಣು ಆರ್ಕೆಸ್ಟ್ರಾ ಥರದ ಫ್ಯೂಷನ್ ಗುಂಪುಗಳನ್ನು ಕೇಳಿ ಬೆಳೆದವರು. ಮಹಾವಿಷ್ಣು ಆರ್ಕೆಸ್ಟ್ರಾದ ಜಾನ್ ಮೆಕ್‌ಲಾಫ್ಲಿನ್ ನಮಗೇನೂ ಹೊಸಬರಲ್ಲ. ವೀಣೆ ಕಲಿತವರು. ಪಿಟೀಲಿನ ಎಲ್. ಶಂಕರ್, ಘಟದ ವಿಕ್ಕು ವಿನಾಯಕರಾಂ, ತಬಲಾದ ಜಾಕಿರ್ ಹುಸೇನ್ ಜೊತೆ ‘ಶಕ್ತಿ’ ಕಟ್ಟಿದವರು. ಇದನ್ನು ಓದಿದ ದಿನ ನಾನು ಅಕ್ಕನಿಗೆ ಫೋನ್ ಮಾಡಿದೆ. ಅವಳು ಬಾಗಿಲಲ್ಲಿ ನಿಂತು ಹಾಕಿದ ತಾಳ ಸುಮ್ನೆ ಹೊಂದಿಕೊಂಡದ್ದಲ್ಲ. ಲೆಕ್ಕಾಚಾರದ ಸಂಗೀತ ನುಡಿಸಿ ಪಳಗಿದ ಕೈಗಳು ಅವು.

ಆಮೇಲೆ ಪಂಕ್ ಕಿವಿಗೆ ಬಿತ್ತು. ರಮೋನ್ಸ್‌ನ ಒಂದು ಹಾಡಿನಿಂದ ಹೆಸರು ತೆಗೆದುಕೊಂಡರು. ಕಲಿತ ವಿದ್ಯೆಯನ್ನೆಲ್ಲ ಒಂದೂವರೆ ನಿಮಿಷದೊಳಗೆ ತುಂಬಿದರು. ‘ಪೇ ಟು ಕಮ್’ ಕೇಳುವಾಗ ಗಮನಿಸಿ. ಗಿಟಾರಿನ ಪ್ರತಿ ತಿರುವಿನಲ್ಲೂ ಡ್ರಮ್ಸ್ ಅದೇ ಕ್ಷಣಕ್ಕೆ ತಿರುಗುತ್ತದೆ. ನಿಲ್ಲಿಸಬೇಕಾದಲ್ಲಿ ನಾಲ್ವರೂ ಒಟ್ಟಿಗೆ ನಿಲ್ಲುತ್ತಾರೆ. ಆ ಮೌನ ಅರೆಕ್ಷಣ. ಮತ್ತೆ ನಾಲ್ವರೂ ಒಟ್ಟಿಗೆ. ಎಚ್.ಆರ್. ವೇದಿಕೆಯ ಮೇಲೆ ಹಿಂದಕ್ಕೆ ಲಾಗ ಹಾಕಿ, ಹಾಡಿನ ಕೊನೆಯ ಪೆಟ್ಟಿಗೆ ಸರಿಯಾಗಿ ನೆಲಕ್ಕೆ ಇಳಿಯುತ್ತಿದ್ದ ಅಂತ ನೋಡಿದವರು ಇಂದಿಗೂ ಹೇಳುತ್ತಾರೆ.

ಡಿ.ಸಿ.ಯ ಕ್ಲಬ್ಬುಗಳು ಇವರಿಗೆ ಜಾಗ ಕೊಡುವುದನ್ನು ನಿಲ್ಲಿಸಿದವು. ‘ಬ್ಯಾನ್ಡ್ ಇನ್ ಡಿ.ಸಿ.’ ಅಂತ ಅದರ ಮೇಲೇ ಹಾಡು ಕಟ್ಟಿ ನ್ಯೂಯಾರ್ಕಿಗೆ ಹೋದರು. 1982ರಲ್ಲಿ ಮೊದಲ ಆಲ್ಬಂ ಬಂತು. ಮೊದಲಿಗೆ ಕ್ಯಾಸೆಟ್ಟಿನಲ್ಲಿ ಮಾತ್ರ. ಹೊದಿಕೆಯ ಮೇಲೆ ಅಮೆರಿಕದ ಸಂಸತ್ ಭವನದ ಗುಮ್ಮಟಕ್ಕೆ ಬಡಿಯುತ್ತಿರುವ ಸಿಡಿಲಿನ ಚಿತ್ರ. ಇವರು ಜಮೈಕಾದಲ್ಲಿ ಹುಟ್ಟಿದ ರಾಸ್ತಫಾರಿ ಎಂಬ ಧಾರ್ಮಿಕ ನಂಬಿಕೆಗೆ ಬಂದವರು. ಹಾಗಾಗಿ ಆ ಕ್ಯಾಸೆಟ್ಟಿನಲ್ಲಿ ಬಿರುಗಾಳಿಯಂಥ ಹಾಡುಗಳ ನಡುವೆ ಇದ್ದಕ್ಕಿದ್ದಂತೆ ಅದೇ ಜಮೈಕಾದ ನಿಧಾನದ ರೆಗೆ ಸಂಗೀತ ಬರುತ್ತದೆ. ‘ಲೀವಿಂಗ್ ಬ್ಯಾಬಿಲಾನ್’ ಬಂದಾಗ ಮೈ ಹಗುರಾಗುತ್ತದೆ. ಮೂರನೇ ಕಾಲ ಮುಗಿಸಿ ಮೇಷ್ಟ್ರು ಅಕ್ಕನನ್ನು ಒಂದನೇ ಕಾಲಕ್ಕೆ ಕರೆತರುತ್ತಿದ್ದರಲ್ಲ, ಅದೇ ಅನುಭವ. ‘ಆಟಿಟ್ಯೂಡ್’ ಎನ್ನುವ ಹಾಡನ್ನು ಬಿಡಬೇಡಿ. ಏನೇ ಬರಲಿ ಮನಸ್ಸನ್ನು ಕುಗ್ಗಿಸಿಕೊಳ್ಳಬೇಡ ಅನ್ನುವ ಮಾತು ಒಂದೂಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇಷ್ಟು ಸಿಟ್ಟಿನ ದನಿಯಲ್ಲಿ ಇಷ್ಟು ಒಳ್ಳೆಯ ಮಾತು ಹೇಳಿದ ಹಾಡು ನನಗೆ ಬೇರೆ ಗೊತ್ತಿಲ್ಲ.

ಬ್ಯಾಡ್ ಬ್ರೇನ್ಸ್ ನೋಡಿ ಕಲಿತ ಡಿ.ಸಿ. ಹುಡುಗರಲ್ಲಿ ಇಯಾನ್ ಮೆಕೈ ಒಬ್ಬ. ಅವನ ಮೊದಲಿನ ಬ್ಯಾಂಡ್ ಟೀನ್ ಐಡಲ್ಸ್. ಕಾರ್ಯಕ್ರಮಗಳಿಂದ ಬಂದ ದುಡ್ಡನ್ನು ಯಾರೂ ಮುಟ್ಟದೆ ಒಂದು ಕಡೆ ಇಟ್ಟಿದ್ದರು. ಬ್ಯಾಂಡ್ ಮುರಿಯುವ ಹೊತ್ತಿಗೆ ಸುಮಾರು 600 ಡಾಲರ್ ಆಗಿತ್ತು. ಹಂಚಿಕೊಳ್ಳಬಹುದಿತ್ತು. ಬದಲಿಗೆ ಆ ದುಡ್ಡಿನಲ್ಲಿ 1980ರ ಕೊನೆಗೆ ಒಂದು 7 ಇಂಚಿನ ರೆಕಾರ್ಡ್ ಹಾಕಿದರು. ಡಿಸ್ಕಾರ್ಡ್ ರೆಕಾರ್ಡ್ಸ್ ಹುಟ್ಟಿದ್ದು ಹಾಗೆ. ಹೊದಿಕೆಯ ಕಾಗದವನ್ನು ಕತ್ತರಿಸಿ, ಮಡಚಿ, ಅಂಟು ಹಚ್ಚಿದ್ದೂ ಇವರೇ, ಗೆಳೆಯರನ್ನು ಕೂರಿಸಿಕೊಂಡು. ಆ ಕಂಪನಿ ಇವತ್ತಿಗೂ ಇದೆ.

ಮುಂದಿನ ಬ್ಯಾಂಡ್ ಮೈನರ್ ಥ್ರೆಟ್. 1981ರ ಮೊದಲ ರೆಕಾರ್ಡಿನಲ್ಲಿ ಎಂಟು ಹಾಡು, ಹತ್ತು ನಿಮಿಷಕ್ಕೂ ಕಡಿಮೆ. ಮನೆಯ ನೆಲಮಾಳಿಗೆಯಲ್ಲಿದ್ದ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದು. ಮುಖಪುಟದಲ್ಲಿ ತಲೆ ಬೋಳಿಸಿಕೊಂಡ ಹುಡುಗನೊಬ್ಬ ಮೆಟ್ಟಿಲ ಮೇಲೆ ಮೊಣಕಾಲಿಗೆ ತಲೆಯಾನಿಸಿ ಕೂತಿದ್ದಾನೆ. ಅವನು ಇಯಾನ್‌ನ ತಮ್ಮ ಅಲೆಕ್. ಈ ರೆಕಾರ್ಡಿನಲ್ಲಿ ‘ಸ್ಟ್ರೇಟ್ ಎಡ್ಜ್’ ಎನ್ನುವ 46 ಸೆಕೆಂಡಿನ ಹಾಡಿದೆ. ನಾನೂ ನಿನ್ನಂಥವನೇ, ಆದರೆ ಮತ್ತಿನಲ್ಲಿ ಬಿದ್ದಿರುವುದಕ್ಕಿಂತ ಮಾಡಲು ಬೇರೆ ಕೆಲಸ ಇದೆ ಅನ್ನುತ್ತಾನೆ. ರಾಕ್ ಸಂಗೀತ ಅಂದರೆ ಕುಡಿತ, ಮಾದಕ ವಸ್ತು ಅಂತ ಎಲ್ಲರೂ ಒಪ್ಪಿಕೊಂಡಿದ್ದ ಕಾಲದಲ್ಲಿ 19ರ ಹುಡುಗ ಹೀಗೆ ಹೇಳಿದ. ಕೈ ಮೇಲೆ ಎಕ್ಸ್ ಬರೆದುಕೊಳ್ಳುವ ಪದ್ಧತಿಯೂ ಆಗ ಬಂತು. ಟೀನ್ ಐಡಲ್ಸ್ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕ್ಲಬ್ಬಿನವರು ಇವರ ಕೈಗಳ ಮೇಲೆ ದೊಡ್ಡ ಎಕ್ಸ್ ಬರೆದು, ಇವರಿಗೆ ಹೆಂಡ ಕೊಡಬಾರದು ಅಂತ ಗುರುತು ಮಾಡಿ ಒಳಗೆ ಬಿಟ್ಟಿದ್ದರು. ಊರಿಗೆ ಬಂದ ಮೇಲೆ ಅದನ್ನೇ ಡಿ.ಸಿ. ಕ್ಲಬ್ಬುಗಳಿಗೂ ಸೂಚಿಸಿದರು. ಒಳಗೆ ಬಿಡಿ, ನಾವು ಕುಡಿಯುವುದಿಲ್ಲ, ಸಂಗೀತ ಕೇಳುತ್ತೇವೆ ಅಂತ.

‘ಸ್ಟ್ರೇಟ್ ಎಡ್ಜ್’ ಹಾಡು ಆಮೇಲೆ ದೊಡ್ಡ ಚಳವಳಿಯಾಯಿತು. ಕೆಲವರ ಕೈಯಲ್ಲಿ ಕಟ್ಟುಪಾಡೂ ಆಯಿತು. 1983ರ ‘ಔಟ್ ಆಫ್ ಸ್ಟೆಪ್’ನಲ್ಲಿ ಇಯಾನ್ ಹಾಡಿನ ನಡುವೆಯೇ ನಿಂತು ಮಾತಾಡುತ್ತಾನೆ. ಇದು ನಿಯಮ ಅಲ್ಲ, ಯಾರಿಗೂ ಹೀಗೇ ಇರು ಅಂತ ಹೇಳುತ್ತಿಲ್ಲ ಅನ್ನುತ್ತಾನೆ. ಈ ಜಾಗ ನನಗೆ ಬಹಳ ಇಷ್ಟ. 46 ಸೆಕೆಂಡಿನಲ್ಲಿ ಹೇಳಿದ್ದು ಸಾಲಲಿಲ್ಲ ಅಂತ ಅವನಿಗೆ ಗೊತ್ತಾಗಿದೆ.

ಅದೇ 1981ರಲ್ಲಿ ಮೈನರ್ ಥ್ರೆಟ್ ಮಾಡಿದ ಇನ್ನೊಂದು ಹಾಡು ಇದೆ, ‘ಗಿಲ್ಟಿ ಆಫ್ ಬೀಯಿಂಗ್ ವೈಟ್’. ಕಪ್ಪು ಮಕ್ಕಳು ಹೆಚ್ಚಿದ್ದ ಶಾಲೆಯಲ್ಲಿ ತಾನು ಬಿಳಿಯನೆಂಬ ಕಾರಣಕ್ಕೆ ಪೆಟ್ಟು ತಿಂದ ಹುಡುಗನ ಹಾಡು. ಇದು ಜನಾಂಗ ದ್ವೇಷದ ವಿರುದ್ಧವೇ ಅಂತ ಬರೆದವನು ಹೇಳುತ್ತಲೇ ಬಂದಿದ್ದಾನೆ. ನಾನು ಅವನ ಮಾತು ನಂಬುತ್ತೇನೆ. ಆದರೂ ಆ ವಿಷಯಕ್ಕೆ ಒಂದೂಕಾಲು ನಿಮಿಷ ಸಾಲದು. ಬೇಗ ಹೇಳಿದ್ದರಿಂದ ಬೇಡದವರು ಅದನ್ನು ಎತ್ತಿಕೊಂಡರು. ಮೂರನೇ ಕಾಲದಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲ ಅಂತ ನನಗೆ ಮೊದಲು ಅನ್ನಿಸಿದ್ದು ಈ ಹಾಡಿನಲ್ಲಿ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಡೆಡ್ ಕೆನೆಡೀಸ್ ಸ್ಯಾನ್ ಫ್ರಾನ್ಸಿಸ್ಕೋದವರು. ಹಾಡುಗಾರ ಜೆಲ್ಲೋ ಬಿಯಾಫ್ರಾ 1979ರಲ್ಲಿ ಆ ಊರಿನ ಮೇಯರ್ ಚುನಾವಣೆಗೆ ನಿಂತು ನಾಲ್ಕನೆಯವನಾಗಿ ಬಂದ. ‘ಹಾಲಿಡೇ ಇನ್ ಕಾಂಬೋಡಿಯಾ’ 1980ರದು. ಗಿಟಾರು ನಿಧಾನಕ್ಕೆ ಕವಿಯುವ ಅದರ ಆರಂಭ ಕೇಳಿದರೆ ಬಿಡಲು ಮನಸ್ಸಾಗುವುದಿಲ್ಲ. ತಮ್ಮ ಕಾರ್ಯಕ್ರಮಗಳಿಗೆ ಬಂದು ಹೊಡೆದಾಡುವ ಪುಂಡರಿಗೆ, ನಾಜಿ ಗುರುತು ಹಾಕಿಕೊಂಡು ಮೆರೆಯುವವರಿಗೆ, ಇಲ್ಲಿಂದ ತೊಲಗಿ ಅಂತ 1981ರಲ್ಲಿ ಒಂದು ನಿಮಿಷದ ಹಾಡನ್ನೇ ಮಾಡಿದರು. ಡಿಸೆಂಡೆಂಟ್ಸ್‌ನ ‘ಮೈಲೋ ಗೋಸ್ ಟು ಕಾಲೇಜ್’ 1982ರದು. ಹಾಡುಗಾರ ಮೈಲೋ ಆಕರ್‌ಮನ್ ನಿಜವಾಗಿಯೂ ಜೀವಶಾಸ್ತ್ರ ಓದಲು ಹೋದ. ಮುಂದೆ ಪಿಎಚ್‌ಡಿ ಮಾಡಿ ವಿಜ್ಞಾನಿಯೂ ಆದ, ಹಾಡನ್ನೂ ಬಿಡಲಿಲ್ಲ. ರಾಗ ಇಷ್ಟಪಡುವವರು ಇವರಿಂದ ಶುರು ಮಾಡಬಹುದು. ನನ್ನನ್ನು ಇಲ್ಲಿಗೆ ಕರೆತಂದ ಡಿಸ್ಚಾರ್ಜ್‌ನ ಮುಖ್ಯ ಆಲ್ಬಮ್ಮೂ 1982ರದು. ಅಣುಯುದ್ಧದ ಭಯವನ್ನು ಗೋಡೆ ಬರಹದಷ್ಟು ಚಿಕ್ಕ ಸಾಲುಗಳಲ್ಲಿ ಹೇಳಿದವರು.

ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್ ಹತ್ತಿರ ಸ್ವಲ್ಪ ನಿಲ್ಲಬೇಕು. 1986ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರು ‘ದಿ ಏಜ್ ಆಫ್ ಕ್ವಾರಲ್’. ಜಗಳದ ಯುಗ. ಅಂದರೆ ನಮ್ಮ ಕಲಿಯುಗ. ಇಲ್ಲಿ ಕಲಿ ಅಂದರೆ ಜಗಳವೇ ಅಲ್ವಾ. ಬಾಸ್ ನುಡಿಸುತ್ತಿದ್ದ ಹಾರ್ಲಿ ಫ್ಲ್ಯಾನಗನ್, ಹಾಡುತ್ತಿದ್ದ ಜಾನ್ ಜೋಸೆಫ್, ಇಬ್ಬರೂ ಬೀದಿಯಲ್ಲಿ ಬೆಳೆದು ಹರೇ ಕೃಷ್ಣ ಪಂಥಕ್ಕೆ ಬಂದವರು. ಅದಕ್ಕೆ ಜಾಗದ ಕಾರಣವೂ ಇದೆ. 1966ರಲ್ಲಿ ಆ ಪಂಥದ ಸ್ಥಾಪಕ ಪ್ರಭುಪಾದರು ನ್ಯೂಯಾರ್ಕಿನ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನ ಮರದ ಕೆಳಗೆ ಕೂತು ಕೀರ್ತನೆ ಮಾಡಿದ್ದರು. ಹದಿನೈದು ವರ್ಷದ ನಂತರ ಅದೇ ಪಾರ್ಕಿನ ಮೂಲೆಗೆ ಎದುರಾಗಿದ್ದ ಎ7 ಎಂಬ ಪುಟ್ಟ ಕ್ಲಬ್ಬು ನ್ಯೂಯಾರ್ಕ್ ಹಾರ್ಡ್‌ಕೋರ್‌ನ ತವರು. ಯೂತ್ ಆಫ್ ಟುಡೇ ಬ್ಯಾಂಡಿನ ರೇ ಕ್ಯಾಪೋ ಮುಂದೆ ಸಾಧುವೇ ಆಗಿ, ಶೆಲ್ಟರ್ ಎಂಬ ಬ್ಯಾಂಡ್ ಕಟ್ಟಿ ಕೃಷ್ಣಭಕ್ತಿಯ ಹಾರ್ಡ್‌ಕೋರ್ ಹಾಡಿದ. ಹರೇ ಕೃಷ್ಣ ಪಂಥದ ಈ ಗೌಡೀಯ ಪರಂಪರೆ ತನ್ನ ಗುರುಗಳ ಸಾಲನ್ನು ನಮ್ಮ ಉಡುಪಿಯ ಮಧ್ವಾಚಾರ್ಯರ ತನಕ ಹೇಳಿಕೊಳ್ಳುತ್ತದೆ. ಮಾಧ್ವರ ಮನೆಯಲ್ಲಿ ದಾಸರ ಪದ ಕೇಳಿ ಬೆಳೆದ ನನಗೆ ಕ್ರೋ-ಮ್ಯಾಗ್ಸ್‌ನ ‘ವಿ ಗಾಟಾ ನೋ’ ಹಾಡು ಶುರುವಾದಾಗ ಆಗುವ ಪುಳಕವೇ ಬೇರೆ. ಬದುಕಿಗೆ ಒಂದು ಅರ್ಥ ಇರಲೇಬೇಕು, ಅದು ನಮಗೆ ತಿಳಿಯಲೇಬೇಕು ಅಂತ ಅವರು ಕೂಗುತ್ತಾರೆ.

ಈ ಲೋಕದಲ್ಲಿ ಕೆಟ್ಟದ್ದೂ ಇತ್ತು. ಅದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. ವೇದಿಕೆಯ ಮುಂದೆ ಒಬ್ಬರನ್ನೊಬ್ಬರು ಗುದ್ದಿಕೊಂಡು ಕುಣಿಯುವ ಜಾಗ ಬರಬರುತ್ತಾ ಹೊಡೆದಾಟದ ಕಣವಾಯಿತು. ಮೊದಲ ಪಂಕ್ ಬ್ಯಾಂಡುಗಳಲ್ಲಿ ಹೆಂಗಸರು ಬೇಕಾದಷ್ಟಿದ್ದರು. ಹಾರ್ಡ್‌ಕೋರ್‌ನಲ್ಲಿ ಅವರು ಹಿಂದಿನ ಗೋಡೆಗೆ ಸರಿಯಬೇಕಾಯಿತು. 1982ರಲ್ಲಿ ಬ್ಯಾಡ್ ಬ್ರೇನ್ಸ್ ಟೆಕ್ಸಸ್‌ನ ಆಸ್ಟಿನ್‌ಗೆ ಹೋದಾಗ, ಸಲಿಂಗಿ ಹಾಡುಗಾರನಿದ್ದ ಬಿಗ್ ಬಾಯ್ಸ್ ಬ್ಯಾಂಡಿನವರ ಜೊತೆ ಕೆಟ್ಟದಾಗಿ ನಡೆದುಕೊಂಡರು. ನನ್ನ ಪ್ರೀತಿಯ ಬ್ಯಾಂಡಿನ ಈ ಕಥೆ ಓದಿದ ದಿನ ಮನಸ್ಸಿಗೆ ಬಹಳ ನೋವಾಯಿತು. ಇವತ್ತಿಗೂ ಆಗುತ್ತದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ನಾನೂ ಆ ಗುದ್ದಾಟದ ಸುತ್ತಿನಲ್ಲಿದ್ದೆ. ಕೆಸರಿನಲ್ಲಿ ಜಾರಿ ಬಿದ್ದೆ. ಗುರುತಿಲ್ಲದ ಇಬ್ಬರು ಹುಡುಗರು ತಕ್ಷಣ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. ಬಿದ್ದವರನ್ನು ಎತ್ತುವ ಈ ರೂಢಿಯೂ ಆ ಹಳೆಯ ಹಾಲ್‌ಗಳಿಂದಲೇ ಬಂದದ್ದು.

ಡಿ.ಸಿ. ಹುಡುಗರು ಈ ಕೆಟ್ಟದ್ದನ್ನು ನೋಡಿ ಸುಮ್ಮನಿರಲಿಲ್ಲ. 1985ರ ಬೇಸಿಗೆಯಲ್ಲಿ ರೈಟ್ಸ್ ಆಫ್ ಸ್ಪ್ರಿಂಗ್, ಎಂಬ್ರೇಸ್ ಥರದ ಹೊಸ ಬ್ಯಾಂಡುಗಳು ಬಂದವು. ಎಂಬ್ರೇಸ್‌ನಲ್ಲಿ ಹಾಡಿದವನು ಇಯಾನ್ ಮೆಕೈ. ವೇಗ ಇಳಿಯಿತು. ಸಿಟ್ಟಿನ ಹಿಂದಿದ್ದ ದುಃಖ ಹಾಡಿಗೆ ಬಂತು. ದಕ್ಷಿಣ ಆಫ್ರಿಕಾದ ರಾಯಭಾರ ಕಚೇರಿಯ ಮುಂದೆ ವರ್ಣಭೇದದ ವಿರುದ್ಧ ಡ್ರಮ್ ಬಾರಿಸಿ ಪ್ರತಿಭಟನೆ ಮಾಡಿದರು. ಬ್ಲ್ಯಾಕ್ ಫ್ಲ್ಯಾಗ್ ಅದಕ್ಕೂ ಒಂದು ವರ್ಷ ಮೊದಲೇ ನಿಧಾನ ಮಾಡಿತ್ತು. 1984ರ ‘ಮೈ ವಾರ್’ ಆಲ್ಬಮ್ಮಿನ ಎರಡನೇ ಬದಿಯಲ್ಲಿ ಮೂರೇ ಹಾಡು. ಒಂದೊಂದೂ ಆರು ನಿಮಿಷದ ಮೇಲೆ. ಐದು ನಿಮಿಷದಲ್ಲಿ ನಾಲ್ಕು ಹಾಡು ಮುಗಿಸಿದ್ದ ಬ್ಯಾಂಡು ಅದು! ವೇಗಕ್ಕೆಂದು ಬಂದ ಅಭಿಮಾನಿಗಳು ಸಿಟ್ಟಾದರು. ಹದಿನೆಂಟರಲ್ಲಿ ನಾನೂ ಆ ಬದಿಯನ್ನು ಕೇಳಲಾರದೆ ಬಿಟ್ಟಿದ್ದೆ.

ಅಕ್ಕ ಈಗ ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಪಾಠಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಆ ಹಳೇ ಹುಡುಗರದ್ದು ಏನಾದ್ರೂ ಹಾಕೋ ಅಂದಳು. ‘ಮೈ ವಾರ್’ನ ಎರಡನೇ ಬದಿ ಹಾಕಿದೆ. ‘ನಥಿಂಗ್ ಲೆಫ್ಟ್ ಇನ್‌ಸೈಡ್’. ಗಿಟಾರು ಭಾರ ಎಳೆಯುವವನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತದೆ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಉಸಿರು ಹಿಡಿದು ಕಾಯುವಷ್ಟು ಜಾಗ. ಅಕ್ಕ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಳು. ಅರ್ಧ ದಾರಿಯಲ್ಲಿ ಒಮ್ಮೆ ತಪ್ಪಿತು. ಮತ್ತೆ ಹಿಡಿದುಕೊಂಡಳು.

“ಅವತ್ತು ಕೇಳಿಸಿದ್ದಕ್ಕಿಂತ ಇದು ಕಷ್ಟ ಕಣೋ,” ಅಂದಳು. “ಇಷ್ಟು ನಿಧಾನದಲ್ಲಿ ಬಿಡದೆ ಹಿಡಿಯೋದು.”

ಗೇಟಿನ ಸದ್ದಾಯಿತು. ಆರು ಗಂಟೆಯ ಪಾಠದ ಹುಡುಗಿ ಚಪ್ಪಲಿ ಬಿಡುತ್ತಿದ್ದಳು. ಇನ್ನೆರಡು ನಿಮಿಷ ಇರು ಅಂತ ಅವಳಿಗೆ ಕೈಸನ್ನೆ ಮಾಡಿ, ಅಕ್ಕ ಹಾಡನ್ನು ಮುಗಿಯುವ ತನಕ ಕೇಳಿದಳು.